ಪಾಯಸದ ಗಸಗಸೆ

ಗಲ್ಫಿನ ವಿಮಾನ ನಿಲ್ದಾಣ. ನನ್ನ ಜೊತೆ ಬಂದಿಳಿದ ಈಶ್ವರಮಂಗಲದ ಶೆಟ್ಟರ ಬ್ಯಾಗಿನಿಂದ ಕಸ್ಟಮ್ಸ್ ಅಧಿಕಾರಿ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಪಾಯಸದ ಗಸಗಸೆ. ಇಲ್ಲಿ ಅದು ಮಾದಕವಸ್ತು.

"ನನ್ನದಲ್ಲ ಮಾರಾಯ್ರೆ, ನೆರೆಮನೆಯ ಶಾರದಕ್ಕ ಇಲ್ಲಿರುವ ತನ್ನ ಮಗಳಿಗೆ ಕೊಟ್ಟದ್ದು" ಎಂದು ಶೆಟ್ಟರು ನನಗೆ ಹೇಳಿದರು. ನನಗೆ ಹೇಳಿ ಏನು ಫಲ? ವಿಮಾನ ಹತ್ತುವವನ ಕೈಗೆ ನಮ್ಮೂರು ಪೊಟ್ಟಣ ತುರುಕುತ್ತದೆ. ಬೇಡವೆಂದರೆ ಅವನಿಗೆ ಭಾರೀ ಜಂಬ ಎನ್ನುತ್ತದೆ. ಶೆಟ್ಟರನ್ನು ಒಳಗೆ ಕರೆದೊಯ್ದರು.

ಹೋಗುವ ಮುಂಚೆ ಶೆಟ್ಟರು ಕೊಟ್ಟ ನಂಬರಿಗೆ ಫೋನ್ ಮಾಡಿ ಶಾರದಕ್ಕನಿಗೆ ವಿಷಯ ತಿಳಿಸಿದೆ. ಅವರು ಕೇಳಿದರು: "ಆ ಬ್ಯಾಗಲ್ಲಿ ಉಪ್ಪಿನಕಾಯಿಯೂ ಉಂಟು. ನೀವು ಹೇಗೂ ಹೊರಗೆ ಹೋಗುದಲ್ವಾ, ಅದನ್ನಾದ್ರೂ ಮಗಳಿಗೆ ಮುಟ್ಟಿಸ್ತೀರಾ?"