ಡಬ್ಬದ ಮುಖದ ಅಜ್ಜಿ

ವಾರಕ್ಕೆ ಮೂರು ದಿನ ನಾದಿನಿಯನ್ನು ಡಯಾಲಿಸಿಸ್‌ಗೆಂದು ಜಯನಗರಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಮದುವೆಯಾಗದ ಆಕೆ ಚಿಕ್ಕಲಸಂದ್ರದ ನಮ್ಮ ಮನೆಯಲ್ಲೇ ಇದ್ದಾಳೆ. ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳು ಆಟೋ ಹತ್ತಿದ ಕೂಡಲೇ, "ಅಣ್ಣಾ, ಸ್ವಲ್ಪ ಬೇಗ ಹೋಗಿ, ಮನೇಲಿ ಅಜ್ಜಿ ಕಾಯ್ತಿರ್ತಾಳೆ" ಎನ್ನುತ್ತಿದ್ದಳು. ಆಟೋದವರು ಪಾಪ, ನಂಬಿ ಸಂದಿಗೊಂದಿಯಲ್ಲೆಲ್ಲ ನುಗ್ಗಿಸುತ್ತಿದ್ದರು.

ಅಜ್ಜಿ ಇದ್ದದ್ದು ಅವಳ ಹಳೆಯ ವಿಡಿಯೋ ಗೇಮಿನಲ್ಲಿ. ಒಂದು ಹಳ್ಳಿ, ಒಂದು ಹೊಲ, ಬೇಲಿಯ ಪಕ್ಕ ಈ ಅಜ್ಜಿ. ಮುಖ ಬಿಸ್ಕತ್ತಿನ ಡಬ್ಬದ ಹಾಗೆ ಚೌಕ. ಕೈಗೆ ಬೆರಳೇ ಇಲ್ಲ. ಆದರೆ ನಾದಿನಿ ಹೊಲಕ್ಕೆ ಕಾಲಿಟ್ಟರೆ ಆ ಮೊಂಡುಗೈ ಎತ್ತಿ, ಹೆಸರು ಹಿಡಿದು ಕರೆದು, ನಿನ್ನೆ ಯಾಕೆ ಬರಲಿಲ್ಲವೆಂದು ಕೇಳುತ್ತಿದ್ದಳು. ಎಂಟು ವರ್ಷ ಬೆಳೆಸಿದ ಆ ಹಳ್ಳಿ ಇದ್ದದ್ದು ಟೀವಿಗೆ ಜೋಡಿಸಿ ಆಡುವ ಅದೊಂದೇ ಪೆಟ್ಟಿಗೆಯೊಳಗೆ.

ಈ ಸಲ ದಸರೆಗೆ ನಮ್ಮವರು ತಂಗಿಗೆಂದು ಹೊಸ ಗೇಮ್ ಪೆಟ್ಟಿಗೆಯೊಂದನ್ನು ತಂದರು.

"ನೋಡೇ, ಮುಖದ ಮೇಲಿನ ಬೆವರೂ ಕಾಣತ್ತೆ. ಗ್ರಾಫಿಕ್ಸ್ ಅಂದ್ರೆ ಇದು! ನಿನ್ನಜ್ಜಿ ಒಳ್ಳೆ ಇಟ್ಟಿಗೆ ಥರ ಇದಾಳೆ."

"ಬೆವರು ಕಾಣತ್ತಣ್ಣ. ಆದ್ರೆ ಇವರ್ಯಾರೂ ನನ್ನ ಕಡೆ ತಿರುಗೂ ನೋಡಲ್ವಲ್ಲ. ಆಸ್ಪತ್ರೆ ಕಾರಿಡಾರಲ್ಲಿ ಓಡಾಡ್ದಂಗಿದೆ."

"ಸರಿ ಬಿಡು, ನಿಂಗೆ ಡಬ್ಬಾನೇ ವಾಸಿ."

ಆಯುಧಪೂಜೆಯ ಬೆಳಿಗ್ಗೆ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಹಳೆಯ ಪೆಟ್ಟಿಗೆಯನ್ನೂ ಇಟ್ಟೆ. ಹೊಸದು ಬಂತೆಂದು ಅದಕ್ಕೆ ಪೂಜೆ ತಪ್ಪಬಾರದು ಅನ್ನಿಸಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಒದ್ದೆ ಬಟ್ಟೆಯ ತುದಿ ಹುರಿಮಾಡಿ, ಗಾಳಿಯಾಡುವ ಸೀಳುಗಳಲ್ಲೂ ತೂರಿಸಿ ಒರೆಸಿದೆ. ನಾದಿನಿಗೆ ಪ್ರಿಯವಾದದ್ದಲ್ಲವೇ ಎಂದು ಮೇಲುಗಡೆ ಗಂಧವನ್ನು ಧಾರಾಳವಾಗಿ ಬಳಿದು ಕುಂಕುಮ ಇಟ್ಟೆ. ಗಂಧ ತೆಳ್ಳಗಿತ್ತು. ಮಂಗಳಾರತಿ ಆಗುವಷ್ಟರಲ್ಲಿ ಸೀಳಿನೊಳಗೆ ಇಳಿದಿತ್ತು.

ಮಧ್ಯಾಹ್ನ ಅವಳು ಸ್ವಿಚ್ ಹಾಕಿದಳು. ಚಿಟ್ ಎಂದಿತು, ಸುಟ್ಟ ವಾಸನೆ ಬಂತು, ಅಷ್ಟೇ.

ಬಿಟಿಎಂನ ರಿಪೇರಿಯವನು ಮುಚ್ಚಳ ತೆಗೆದು ನನ್ನನ್ನೇ ನೋಡಿದ. "ಆಂಟಿ, ಬೋರ್ಡ್ ಮೇಲೆಲ್ಲ ಗಂಧ ಕೂತಿದೆ. ಒಳಗಿದ್ದಿದ್ದು ಏನೂ ವಾಪಸ್ ಬರಲ್ಲ."

ಮನೆಗೆ ಬಂದು ಹೇಳಿದಾಗ ಅವಳು ಬೈಯಲಿಲ್ಲ. "ನೀವೇನು ಬೇಕೂಂತ ಮಾಡಿದ್ರಾ ಅತ್ತಿಗೆ, ಬಿಡಿ" ಎಂದು ಪೆಟ್ಟಿಗೆಯ ಮೇಲೆ ಒಣಗಿದ್ದ ಕುಂಕುಮವನ್ನು ಉಗುರಿನಿಂದ ಕೆರೆಯುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಪೆಟ್ಟಿಗೆ ಟೀವಿಯ ಕೆಳಗೇ ಇದೆ. ಅವಳು ಮುಟ್ಟುವುದಿಲ್ಲ. ಒಣ ಬಟ್ಟೆಯಲ್ಲಿ ಧೂಳು ಹೊಡೆಯುತ್ತೇನೆ.

ಮೊನ್ನೆ ಡಯಾಲಿಸಿಸ್ ಮುಗಿಸಿ ಬರುವಾಗ ಆಟೋದವರು ಕೇಳಿದರು: "ಅಕ್ಕಾ, ಬನಶಂಕರೀಲಿ ಸಖತ್ ಜಾಮು. ಒಳಗಿಂದ ಹೋಗ್ಲಾ?"

"ಹೆಂಗಾದ್ರೂ ಹೋಗಿ ಅಣ್ಣಾ," ಎಂದಳು ನಾದಿನಿ. "ಮನೇಲಿ ಯಾರೂ ಕಾಯ್ತಿಲ್ಲ."

ಅವಳ ರಿಪೋರ್ಟಿನ ಫೈಲನ್ನು ಮಡಿಲಲ್ಲಿಟ್ಟುಕೊಂಡು ನಾನು ಪಕ್ಕದಲ್ಲೇ ಕೂತಿದ್ದೆ.