ಚಿಕ್ಕಹನುಮಯ್ಯನ ಬೆರಳು ಮತ್ತು ನಾಲ್ಕು ತೂತಿನ ಡಬ್ಬಿ

ಹಂದನಕೆರೆ, ಶೆಟ್ಟಿಕೆರೆ ಸುತ್ತಿನ ಹಳ್ಳಿಗಳಲ್ಲಿ ಅಟ್ಟ ಹತ್ತಿ ಕಾಯಿ ಆರಿಸಬೇಕೆಂದರೆ ಚಿಕ್ಕಹನುಮಯ್ಯನೇ ಬರಬೇಕು ಎನ್ನುವ ಕಾಲವೊಂದಿತ್ತು. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಗಳಲ್ಲಿ ಯಾವುದು ಕೊಬ್ಬರಿಯಾಗಿದೆ, ಯಾವುದರಲ್ಲಿ ಇನ್ನೂ ನೀರಿದೆ ಎಂದು ಒಡೆಯದೆ ಹೇಳಬೇಕಲ್ಲ, ಅದೇನು ಎಲ್ಲರ ಕೈಯಲ್ಲಾಗುವ ಕೆಲಸವೇ? ಇವನು ಕಾಯಿ ಎತ್ತಿ ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಮುಗಿಯಿತು. ಲೊಟಲೊಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಕೆಳಗೆ ಎಸೆ. ಕುಲುಕುಲು ಅಂದರೆ ನೀರು, ಮೂಲೆಗೆ ತಳ್ಳು. ಸದ್ದೇ ಇಲ್ಲದಿದ್ದರೆ ಇನ್ನೂ ಅಂಟಿಕೊಂಡಿದೆ, ಇನ್ನೊಂದು ತಿಂಗಳು ಬಿಡು. ನಲವತ್ತು ವರ್ಷ ಅವನು ಮಾಡಿದ್ದು ಇದೊಂದೇ ಕೆಲಸ.

ಅಂಥವನ ಕಿವಿಯೇ ಹೋಯಿತು ನೋಡಿ! ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಗುಬ್ಬಚ್ಚಿಗಳು ಸುಮ್ಮನಾದವು, ಆಮೇಲೆ ಬಾಗಿಲು ತಟ್ಟುವವರು, ಆಮೇಲೆ ಬಸ್ಸಿನ ಹಾರನ್ನು. ಹತ್ತು ವರ್ಷದಲ್ಲಿ, ಅವನಿಗೆ ಅರವತ್ತೆರಡಾಗುವ ಹೊತ್ತಿಗೆ, ಹೆಂಡತಿ ಸಿದ್ದಮ್ಮ ಬಲಗಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಏನೋ ಒಂದಿಷ್ಟು ಒಳಗೆ ಇಳಿಯುತ್ತಿತ್ತು. ಬಂದವರು ಹೇಳಿದ್ದನ್ನೆಲ್ಲ ಅವಳೇ ಕೂಗಿ ತಲುಪಿಸಬೇಕು. ಆದರೂ ಕಾಯಿ ಆರಿಸುವುದರಲ್ಲಿ ಅವನು ತಪ್ಪಲಿಲ್ಲ. ಕಿವುಡನಿಗೆ ಅದು ಹೇಗೆ ಸಾಧ್ಯ ಎಂದು ಊರವರು ಯಾರೂ ಕೇಳಲಿಲ್ಲ, ಅವನೂ ಯೋಚಿಸಲಿಲ್ಲ. ಅಲ್ಲಾಡಿಸುತ್ತಿದ್ದ, ಗೊತ್ತಾಗುತ್ತಿತ್ತು, ಎಸೆಯುತ್ತಿದ್ದ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಎಡವಟ್ಟಾಯಿತು. ಶೆಟ್ಟಿಕೆರೆಯ ಕಲ್ಲೇಶನ ಮನೆಯ ಅಟ್ಟ. ಕೆಳಗೆ ಕಲ್ಲೇಶನ ತಾಯಿ ಚಿಕ್ಕಗೌರಮ್ಮ ಮೊರ ತೆಗೆದುಕೊಳ್ಳಲು ಬಂದಿದ್ದಾರೆ. ‘ತಡಿಯಪ್ಪಾ, ತಡಿ’ ಎಂದು ಕೂಗಿಯೂ ಕೂಗಿದ್ದಾರೆ. ಇವನಿಗೆ ಕೇಳಬೇಕಲ್ಲ? ಎಸೆದ ಕಾಯಿ ಮುದುಕಿಯ ಭುಜಕ್ಕೆ ಬಿತ್ತು. ಒಂದು ಗೇಣು ಆಚೆ ಬಿದ್ದಿದ್ದರೆ ತಲೆಗೇ. ಕಲ್ಲೇಶ ಏಣಿ ಹತ್ತಿ ಬಂದು ಎದುರಿಗೆ ಕುಳಿತ. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಇವನ ಬಲಗಿವಿಗೆ ಬಾಗಿ, ‘ಹನುಮಣ್ಣ, ಕಿವಿ ಸರಿ ಮಾಡ್ಕೊಂಡ್ ಬಾ. ಅಲ್ಲೀಗಂಟ ಅಟ್ಟ ಹತ್ತಬ್ಯಾಡ’ ಎಂದು ಕೂಗಿ ಹೇಳಿದ.

ಸುದ್ದಿ ಊರೂರಿಗೆ ಹೋಯಿತು. ನಾಲ್ಕು ತಿಂಗಳು ಯಾರೂ ಕರೆಯಲಿಲ್ಲ. ಮನೆಯ ಜಗಲಿಯ ಮೇಲೆ ಕೂತು ಕೂತು ಚಿಕ್ಕಹನುಮಯ್ಯ ಬತ್ತಿಹೋದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಷ್ಟರಲ್ಲಿ ತಿಪಟೂರಿನ ಛತ್ರವೊಂದರಲ್ಲಿ ಯಾವುದೋ ಟ್ರಸ್ಟಿನವರು ಕಿವಿ ಪರೀಕ್ಷೆ ಮಾಡಿ ಪುಕ್ಕಟೆ ಕಿವಿ ಮಿಷನ್ನು ಕೊಡುತ್ತಾರೆಂದು ಗೊತ್ತಾಗಿ ಸಿದ್ದಮ್ಮ ಅವನನ್ನು ಎಳೆದುಕೊಂಡು ಹೋದಳು. ಮೆಹರೀನ್ ಎನ್ನುವ ಹುಡುಗಿ, ತುಮಕೂರಿನವಳು, ಕಿವಿ ಪರೀಕ್ಷೆ ಓದಿಕೊಂಡವಳು, ತಲೆಗೆ ಅದೇನೋ ತೊಡಿಸಿ ಪರೀಕ್ಷೆ ಮಾಡಿ, ಕಿವಿಯ ಅಚ್ಚು ತೆಗೆದು, ಹದಿನೈದು ದಿನ ಬಿಟ್ಟು ಬನ್ನಿ ಎಂದಳು.

ಹದಿನೈದನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಹೋದರು. ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಕರೆಂಟು ಹೋಗಿತ್ತು. ಅದು ಬಿಡಿ, ಕರೆಂಟು ಹೋಗದ ದಿನ ಯಾವುದಿತ್ತು? ಲ್ಯಾಪ್‌ಟಾಪು ಬ್ಯಾಟರಿಯಲ್ಲೇ ನಡೆಯುತ್ತಿತ್ತು. ಆದರೆ ಅದಕ್ಕೂ ಸ್ವಲ್ಪ ಮೊದಲು ಯಾರೋ ವೈರನ್ನು ಎಡವಿ, ಲ್ಯಾಪ್‌ಟಾಪಿನ ಪಕ್ಕದಲ್ಲಿ ವೈರು ಚುಚ್ಚಲು ಇದ್ದ ಎರಡು ತೂತುಗಳಲ್ಲಿ ಒಂದು ಮುರಿದುಹೋಗಿತ್ತು. ಮೆಹರೀನ್ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

‘ಅಮ್ಮ, ಈ ಕಿವಿ ಮಿಷನ್ನು ಸುಮ್ನೆ ಹಾಕಿದ್ರೆ ಆಗಲ್ಲ’ ಎಂದು ಅವಳು ಸಿದ್ದಮ್ಮನಿಗೆ ಬಿಡಿಸಿ ಹೇಳಿದಳು. ‘ಅಜ್ಜನ ಕಿವಿ ಹೇಗಿದೆಯೋ ಹಾಗೆ ಕಂಪ್ಯೂಟರಿನಿಂದ ಅದಕ್ಕೆ ಹೇಳಿಕೊಡಬೇಕು. ಹೇಳಿಕೊಡೋದು ಈ ಡಬ್ಬಿ. ಈ ಕಡ್ಡಿ ಇದೆಯಲ್ಲ, ಇದು ಬೀಗದ ಕೈ ಇದ್ದ ಹಾಗೆ, ಇದಿಲ್ಲದೆ ಕಂಪ್ಯೂಟರಿನಲ್ಲಿ ಆ ಕೆಲಸ ತೆರೆಯಲ್ಲ. ಎರಡೂ ಒಟ್ಟಿಗೆ ಚುಚ್ಚಿರಬೇಕು. ಇರೋದು ಒಂದೇ ತೂತು. ನಾಲ್ಕೂವರೆಗೆ ನಮ್ಮ ಜೀಪು ಹೊರಡುತ್ತೆ, ಇವತ್ತೇ ಕೊನೇ ದಿನ. ಹಾಕದೆ ಉಳಿದ ಮಿಷನ್ನೆಲ್ಲ ವಾಪಸ್ ಹೋಗುತ್ತೆ.’

ಸಿದ್ದಮ್ಮ ಗಂಡನ ಕಿವಿಗೆ ಬಾಯಿಟ್ಟು, ಛತ್ರವೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು: ‘ಎಲ್ಡು ಚುಚ್ಬೇಕಂತೆ! ಒಂದೇ ತೂತೈತಂತೆ! ಇವತ್ ಆಗ್ಲಿಲ್ಲ ಅಂದ್ರೆ ಇಲ್ವಂತೆ!’

ಚಿಕ್ಕಹನುಮಯ್ಯ ಮುರಿದ ತೂತಿನತ್ತ ಬಗ್ಗಿ ನೋಡಿದ. ‘ಒಂದಕ್ ನಾಕು ಮಾಡೋದು ಏನೂ ಇಲ್ವಾ ತಾಯಿ?’ ಎಂದ. ಹೊಲಕ್ಕೆ ಪೈಪು ಎಳೆಯುವುದನ್ನು ನೋಡಿದವನಿಗೆ ಬರುವ ಯೋಚನೆ ಅದು. ಮೆಹರೀನ್ ತಟ್ಟನೆ ಎದ್ದಳು. ‘ಇದೆ ಅಜ್ಜ, ಹಬ್ ಅಂತ ಇದೆ!’

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಜಾಫರನ ಅಂಗಡಿ. ಹಿಂದೆ ರೇಡಿಯೋ ರಿಪೇರಿ, ಆಗ ಕಂಪ್ಯೂಟರ್ ರಿಪೇರಿ. ಲ್ಯಾಪ್‌ಟಾಪು, ಡಬ್ಬಿ, ಕಡ್ಡಿ, ಅಜ್ಜನ ಕಿವಿ ಮಿಷನ್ನು, ಎಲ್ಲ ಹೊತ್ತುಕೊಂಡು ಮೂವರೂ ಅಲ್ಲಿಗೆ ಹೋದರು. ಮುಜಾಫರ್ ಮೊದಲು ಒಂದು ದೊಡ್ಡದನ್ನು ತೋರಿಸಿದ. ಅದಕ್ಕೆ ಗೋಡೆಯ ಕರೆಂಟೇ ಬೇಕು, ಕರೆಂಟಿಲ್ಲ, ಅದು ಬೇಡ. ಆಮೇಲೆ ಜೇಬಿನಲ್ಲಿಟ್ಟುಕೊಳ್ಳುವಂಥ ಚಿಕ್ಕವು ಮೂರನ್ನು ಮೇಜಿನ ಮೇಲಿಟ್ಟ. ಒಂದು ಕರಿಯದು, ಒಂದು ಬಿಳಿಯದು, ಒಂದು ನೀಲಿಯದು. ಒಂದೊಂದು ಬೆಂಕಿಪೊಟ್ಟಣದಷ್ಟು. ಒಂದು ಕಡೆ ಗೇಣುದ್ದದ ವೈರು, ಇನ್ನೊಂದು ಕಡೆ ನಾಲ್ಕು ತೂತು. ಚಿಕ್ಕಹನುಮಯ್ಯ ಬಗ್ಗಿ ಬಗ್ಗಿ ನೋಡಿದ. ಒಂದು ಕಡೆಯಿಂದ ಹೋಗುವುದು ನಾಲ್ಕು ಕಡೆ ಹಂಚಿ, ಯಾವುದು ಯಾರದೆಂದು ತಪ್ಪದೆ ವಾಪಸ್ಸೂ ಬರುತ್ತದಂತೆ, ಇಷ್ಟರೊಳಗೆ! ಮನುಷ್ಯನ ತಲೆ ಎಲ್ಲಿಗೆ ಮುಟ್ಟಿತಪ್ಪಾ ಎಂದು ಅವನ ಮೈ ಜುಮ್ಮೆಂದಿತು.

‘ಇದ್ರಲ್ಲಿ ಯಾವ್ದು ಒಳ್ಳೇದು?’ ಎಂದಳು ಮೆಹರೀನ್.

‘ಸುಳ್ ಹೇಳಲ್ಲ ಮೇಡಂ, ಮೂರೂ ಹೆಸರಿಲ್ದಿರೋ ಮಾಲು. ಕೆಲವು ವರ್ಷಗಟ್ಟಲೆ ಬರ್ತವೆ, ಕೆಲವು ಚುಚ್ಚಿದ ತಕ್ಷಣ ಹೋಗ್ತವೆ. ಗ್ಯಾರಂಟಿ ಕೊಡಲ್ಲ.’

‘ಹೋದ್ರೆ ಹೋಗ್ಲಿ, ನನ್ನ ಡಬ್ಬಿ ಸುಟ್ಟುಹೋದ್ರೆ? ಆರು ತಾಲ್ಲೂಕಿಗೆ ಇರೋದು ಇದೊಂದೇ ಡಬ್ಬಿ ಕಣ್ರೀ.’ ಮೆಹರೀನ್ ಡಬ್ಬಿಯನ್ನು ಎದೆಗವುಚಿಕೊಂಡಳು. ಚುಚ್ಚಿ ನೋಡುವ ಧೈರ್ಯ ಅವಳಿಗಿಲ್ಲ, ಬಿಟ್ಟು ಹೋಗುವ ಮನಸ್ಸೂ ಇಲ್ಲ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಅವರು ಮಾತಾಡುತ್ತಿದ್ದದ್ದು ಚಿಕ್ಕಹನುಮಯ್ಯನಿಗೆ ಕೇಳಲಿಲ್ಲ. ಆದರೆ ಮೂರರಲ್ಲಿ ಒಂದನ್ನು ಆರಿಸಲು ಒದ್ದಾಡುತ್ತಿದ್ದಾರೆ ಎನ್ನುವುದು ಮುಖ ನೋಡಿದರೆ ತಿಳಿಯದೇ? ಆರಿಸುವುದಕ್ಕೆ ಇವನಿಗಿಂತ ಬೇಕೇ! ಕೈ ತಾನಾಗಿ ಹೋಯಿತು. ಕರಿಯದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದ. ಮುಖ ಅರಳಿತು.

‘ಇದು ಆಗೈತೆ! ಇದ್ನೇ ತಗೊಳ್ಳಿ! ಒಳಗೆ ಬುಟ್ಕೊಂಡೈತೆ!’

ಮುಜಾಫರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿದ್ದಮ್ಮನಿಗೆ ನಾಚಿಕೆಯಾಗಿ, ‘ಅದು ಕಾಯಲ್ಲ ಕಣ್ ಸುಮ್ಕಿರು! ಮಾನ ಕಳೀಬ್ಯಾಡ!’ ಎಂದು ಕೂಗಿದಳು. ನಗುತ್ತಲೇ ಮುಜಾಫರ್ ಅದನ್ನು ಇಸಿದುಕೊಂಡು ತಾನೂ ಅಲ್ಲಾಡಿಸಿದ, ಏನೂ ಕೇಳಲಿಲ್ಲ. ಕಿವಿಗೆ ಒತ್ತಿಕೊಂಡು ಇನ್ನೊಮ್ಮೆ ಅಲ್ಲಾಡಿಸಿದ. ನಗು ನಿಂತಿತು. ಸ್ಕ್ರೂಡ್ರೈವರ್ ಹಾಕಿ ಮುಚ್ಚಳ ತೆಗೆದರೆ, ಒಳಗೆ ಸಾಸಿವೆಕಾಳಿನಷ್ಟು ಬೆಸುಗೆ ಸೀಸದ ಚೂರೊಂದು ಕಳಚಿಕೊಂಡು ಉರುಳಾಡುತ್ತಿತ್ತು. ‘ಇದನ್ನ ಚುಚ್ಚಿದ್ರೆ ಶಾರ್ಟ್ ಆಗಿ ನಿಮ್ಮ ಡಬ್ಬಿ ಖತಂ ಮೇಡಂ’ ಎಂದ.

ಮೆಹರೀನ್ ಚೂರನ್ನು ನೋಡಲಿಲ್ಲ, ಚಿಕ್ಕಹನುಮಯ್ಯನನ್ನು ನೋಡುತ್ತಿದ್ದಳು. ಅವನ ಕಿವಿಯ ಪರೀಕ್ಷೆ ಮಾಡಿದವಳು ಅವಳು. ಲಾರಿಯ ಹಾರನ್ನೇ ಕೇಳದವನಿಗೆ ಸಾಸಿವೆಯಷ್ಟು ಚೂರಿನ ಸದ್ದು ಕೇಳುವುದುಂಟೇ? ‘ಅಮ್ಮ, ತೋಳು ಚಾಚಿ ದೂರ ಹಿಡಿದು ಅಲ್ಲಾಡಿಸೋಕೆ ಹೇಳಿ’ ಎಂದಳು. ಮುಚ್ಚಳ ಹಾಕಿದ ಕರಿಯದನ್ನು ಚಿಕ್ಕಹನುಮಯ್ಯ ತೋಳುದ್ದ ದೂರ ಚಾಚಿ ಅಲ್ಲಾಡಿಸಿದ. ಅಷ್ಟೇ ಸ್ಪಷ್ಟವಾಗಿ ಗೊತ್ತಾಯಿತು. ಮುಖ ತಿರುಗಿಸಿಕೊಂಡು ಅಲ್ಲಾಡಿಸಿದ. ಆಗಲೂ ಗೊತ್ತಾಯಿತು.

ಅವನ ಕೈ ನಿಂತುಹೋಯಿತು. ಹೆಬ್ಬೆರಳನ್ನು, ತೋರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಯಾರದೋ ಕೈ ನೋಡುವ ಹಾಗೆ. ‘ಇದಾ ಕೇಳ್ತಿದ್ದದ್ದು?’ ಎಂದ. ‘ಲೇ ಸಿದ್ದಿ, ಇಷ್ಟ್ ವರ್ಸವೂ ಕಾಯಿ ಕೇಳ್ತಿದ್ದದ್ದು ನನ್ ಬೆಳ್ಳಾ?’ ಕಿವಿ ಬಿಟ್ಟುಹೋದ ಕೆಲಸವನ್ನು ಬೆರಳು ಯಾವಾಗ ವಹಿಸಿಕೊಂಡಿತೋ ಅವನಿಗೇ ಗೊತ್ತಾಗಿರಲಿಲ್ಲ. ಅರವತ್ತೆರಡು ವರ್ಷ ತನ್ನ ಮೈಗೇ ಅಂಟಿಕೊಂಡಿದ್ದ ಕೈ, ಒಂದು ಮಾತು ಹೇಳದೆ ಇಂಥದ್ದೊಂದನ್ನು ಮಾಡಿಕೊಂಡು ಬಂದಿತ್ತಲ್ಲ! ಅವನಿಗೆ ಭಯವೂ ಆಯಿತು, ಕೈ ಮುಗಿಯೋಣ ಎನ್ನಿಸಿತು, ಮುಗಿಯುವುದೂ ಅದೇ ಕೈಯಿಂದಲೇ ಆಗಬೇಕು.

‘ಮಿಕ್ಕ ಎರಡನ್ನೂ ನೋಡೋಕೆ ಹೇಳಿ’ ಎಂದಳು ಮೆಹರೀನ್. ಅವಳ ದನಿ ತಗ್ಗಿತ್ತು.

ಬಿಳಿಯದನ್ನೆತ್ತಿದ. ಅಲ್ಲಾಡಿಸಿದ, ಅಂಗೈಯಲ್ಲಿಟ್ಟು ತೂಗಿದ, ಹುಬ್ಬು ಗಂಟಿಕ್ಕಿದ. ‘ಇದ್ರೊಳಗೆ ಏನೋ ಮಡಗವ್ರೆ. ಒಂದ್ ಮಗ್ಗುಲಿಗೆ ಭಾರ ಕುಂತೈತೆ.’ ಮುಜಾಫರ್ ಈಗ ನಗಲಿಲ್ಲ. ಬಿಚ್ಚಿದ. ಒಂದು ಮೂಲೆಯಲ್ಲಿ ಕಬ್ಬಿಣದ ತುಂಡನ್ನು ಅಂಟು ಹಾಕಿ ಕೂರಿಸಿದ್ದರು, ಕೈಗೆ ಗಟ್ಟಿ ಮಾಲು ಎನ್ನಿಸಲೆಂದು. ವೈರುಗಳು ಕೂದಲಿನಷ್ಟು ತೆಳ್ಳಗಿದ್ದವು. ‘ಥೂ, ನನಗೇ ಟೋಪಿ ಹಾಕಿದಾನೆ’ ಎಂದು ಅದನ್ನು ಡ್ರಾಯರಿಗೆ ಎಸೆದ.

ನೀಲಿಯದನ್ನು ಚಿಕ್ಕಹನುಮಯ್ಯ ಬಹಳ ಹೊತ್ತು ಹಿಡಿದಿದ್ದ. ಕಣ್ಣು ಮುಚ್ಚಿಕೊಂಡಿದ್ದ. ‘ಇದು ಸುಮ್ಕೆ ಕುಂತೈತೆ. ಎಲ್ಲಾ ಕಡೀಕೂ ಒಂದೇ ಸಮ ಐತೆ’ ಎಂದು ಮೇಜಿನ ಮೇಲಿಟ್ಟ. ಮುಜಾಫರ್ ಅದನ್ನೂ ಬಿಚ್ಚಿ, ಮೀಟರ್ ಹಚ್ಚಿ ನೋಡಿ, ‘ಅಜ್ಜ ಪಾಸ್ ಮಾಡಿದ್ಮೇಲೆ ಮುಗೀತು’ ಎಂದು ಮತ್ತೆ ಮುಚ್ಚಿದ. ಮೊದಲು ತನ್ನದೇ ಹಳೆಯ ಮೌಸು ಚುಚ್ಚಿ ನೋಡಿದ, ನಡೆಯಿತು. ಆಮೇಲೆ ಕಡ್ಡಿ, ಆಮೇಲೆ ಮೆಹರೀನಳ ಡಬ್ಬಿ. ಡಬ್ಬಿಯ ಹಸಿರು ದೀಪ ಹತ್ತಿತು. ಆರಲಿಲ್ಲ.

ಛತ್ರಕ್ಕೆ ವಾಪಸ್ ಹೋಗುವಷ್ಟು ಪುರಸೊತ್ತಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ಮೆಹರೀನ್ ಮಿಷನ್ನನ್ನು ಕಿವಿಗೆ ಸೇರಿಸಿದಳು. ಪರದೆಯ ಮೇಲಿನ ಗೆರೆಯನ್ನು ಒಂದೊಂದೇ ಚುಕ್ಕಿ ಮೇಲೇರಿಸುತ್ತ ಹೋದಳು. ಮೊದಲು ಏನೋ ಸರಸರ ಎಂದಿತು. ಚಿಕ್ಕಹನುಮಯ್ಯ ಬೆಚ್ಚಿ ಅತ್ತಿತ್ತ ನೋಡಿದ. ಅವನದೇ ಅಂಗಿಯ ತೋಳು ಮೇಜಿಗೆ ಉಜ್ಜಿದ ಸದ್ದು. ಆಮೇಲೆ ಗಡಿಯಾರದ ಟಿಕ್ ಟಿಕ್. ಬೀದಿಯಲ್ಲಿ ಸೈಕಲ್ ಬೆಲ್ಲು. ಹೆಂಚಿನ ಸಂದಿಯಲ್ಲಿ ಗುಬ್ಬಚ್ಚಿ. ಇವೆಲ್ಲ ಇಷ್ಟು ದಿನವೂ ಇದ್ದವೇ? ತನ್ನನ್ನು ಬಿಟ್ಟು ಲೋಕವೆಲ್ಲ ಹೀಗೆ ಗಲಗಲ ಎನ್ನುತ್ತಿತ್ತೇ? ಅವನು ಬಾಯಿ ತೆರೆದುಕೊಂಡು ಕೂತುಬಿಟ್ಟ.

‘ಕೇಳ್ತೈತಾ!’ ಸಿದ್ದಮ್ಮ ಎಂದಿನಂತೆ ಬಾಯಿಟ್ಟು ಕೂಗಿದಳು. ಅವನು ಸ್ಟೂಲಿನಿಂದ ಹಾರಿ ಬೀಳುವುದೊಂದು ಬಾಕಿ.

‘ಮೆಲ್ಲಗೆ ಅಮ್ಮ’ ಎಂದು ಮೆಹರೀನ್ ನಕ್ಕಳು. ‘ದೂರ ನಿಂತು, ನನ್ನ ಹತ್ತಿರ ಮಾತಾಡೋ ಹಾಗೆ ಮಾತಾಡಿ.’

ಸಿದ್ದಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಮೆಲ್ಲಗೆ ಮಾತಾಡುವುದು ಅವಳಿಗೆ ಮರೆತೇಹೋಗಿತ್ತು. ಎರಡು ಸಲ ಗಂಟಲು ಸರಿಮಾಡಿಕೊಂಡು, ‘ಬಸ್ಸಿಗೆ ಹೊತ್ತಾಯ್ತು’ ಎಂದಳು.

ಚಿಕ್ಕಹನುಮಯ್ಯ ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾರೋ ಬಂದರೆಂದು. ಯಾರೂ ಇರಲಿಲ್ಲ. ಒಡೆದ, ಸೀಳು ಬಿಟ್ಟ, ಅರ್ಧ ಗಾಳಿಯೇ ಆಗಿದ್ದ ದನಿ. ಅವನಿಗೆ ನೆನಪಿದ್ದದ್ದು ನಾಟಿಯ ಗದ್ದೆಯಲ್ಲಿ ಅವಳು ಸೋಬಾನೆ ಪದ ಹೇಳಿದರೆ ಕೆರೆ ಏರಿಯ ಮೇಲಿನವರು ನಿಂತು ಕೇಳುತ್ತಿದ್ದ ದನಿ.

‘ನೀನಾ?’ ಎಂದ.

‘ಇನ್ಯಾರು?’

‘ನಿನ್ ದನಿ ಯಾವಾಗ ಹಿಂಗಾಯ್ತು?’

‘ಹತ್ತು ವರ್ಸ ಕೂಗಿಲ್ವಾ?’ ಎಂದಳು ಸಿದ್ದಮ್ಮ. ದೂರುವ ಹಾಗೆ ಹೇಳಲಿಲ್ಲ. ಬಾವಿಯ ಹಗ್ಗ ಸವೆದಿದೆ ಎನ್ನುವಷ್ಟೇ ಸಾದಾ ಆಗಿ ಹೇಳಿದಳು.

ಚಿಕ್ಕಹನುಮಯ್ಯನ ಕಣ್ಣು ತುಂಬಿತು. ಬೆಳಗ್ಗೆ ಮನೆ ಬಿಡುವಾಗ ತಲೆಯಲ್ಲಿದ್ದದ್ದು ಕಲ್ಲೇಶನ ಅಟ್ಟವೊಂದೇ. ಅದೀಗ ಎಲ್ಲಿತ್ತೋ. ಕಾಯಿಗಳನ್ನೆಲ್ಲ ಕೇಳಿಕೊಂಡಿದ್ದ ಬೆರಳಿಗೂ ಇದೊಂದು ತಿಳಿದಿರಲಿಲ್ಲ.

‘ಇನ್ ಕೂಗ್ಬ್ಯಾಡ ಕಣೇ’ ಎಂದ. ‘ಎಷ್ಟ್ ಮೆಲ್ಲಕ್ ಆಯ್ತದೋ ಅಷ್ಟ್ ಮೆಲ್ಲಕ್ಕೆ ಹೇಳು.’

ಸಿದ್ದಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಏನೋ ಹೇಳಿದಳು. ಪಕ್ಕದಲ್ಲೇ ನಿಂತಿದ್ದ ಮೆಹರೀನಳಿಗೂ ಮುಜಾಫರನಿಗೂ ಅದು ಕೇಳಲಿಲ್ಲ. ಚಿಕ್ಕಹನುಮಯ್ಯ ‘ಹೂಂ’ ಎಂದ.