ಫೋನು ಒಳಗಿಟ್ಟರೆ ಸೋಬಾನೆ

ನಮ್ಮ ಬೆಳಗೋಡಿನ ಮೀನಾಕ್ಷಮ್ಮನಿಗೆ ಹೊಟ್ಟೆಕಿಚ್ಚು ಎಂದರೆ ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೌದು, ಉರಿಯುತ್ತೆ, ಏನೀಗ ಅನ್ನುವ ಹೆಂಗಸು. ನಾನು ಪಕ್ಕದ ಮನೆಯವಳು, ಕಂಡದ್ದನ್ನೇ ಹೇಳುತ್ತೇನೆ. ಸುತ್ತಲಿನ ಯಾವ ಮದುವೆಯಾಗಲಿ, ಒಸಗೆಯಾಗಲಿ, ಸೋಬಾನೆ ಪದಕ್ಕೆ ಅವಳೇ ಬೇಕು. ಅವಳು ಮೊದಲ ಸೊಲ್ಲು ಎತ್ತದೆ ಆರತಿ ತಟ್ಟೆ ಮೇಲೇಳುವುದಿಲ್ಲ. ಅಂಥವಳನ್ನು ಹಿಂದಕ್ಕೆ ತಳ್ಳಿದ್ದು ವಾರಗಿತ್ತಿ ದೀಪಶ್ರೀಯ ಫೋನು.

ದೀಪಶ್ರೀ ತನ್ನ ಮಗಳು ಗಾನವಿಯ ವಿಡಿಯೊ ಮಾಡಿ ಹಾಕುತ್ತಿದ್ದಳು. ಹುಡುಗಿ ಕಾಫಿ ಕಣದಲ್ಲಿ ಕುಣಿದದ್ದು, ಜ್ವರ ಬಂದು ಮಲಗಿದ್ದು, ಅಂಕ ಕಡಿಮೆಯಾಗಿ ಅತ್ತದ್ದು, ಎಲ್ಲ ಕಂಡಕಂಡವರ ಅಂಗೈಯಲ್ಲಿ. ಬಸ್ಸಿನಲ್ಲಿ ಗುರುತಿಲ್ಲದವರೂ ದೀಪಶ್ರೀಗೆ ಸೀಟು ಬಿಟ್ಟುಕೊಡುತ್ತಿದ್ದರು. ಪಕ್ಕದಲ್ಲಿದ್ದ ಮೀನಾಕ್ಷಮ್ಮ ಸಕಲೇಶಪುರದವರೆಗೂ ಕಂಬಿ ಹಿಡಿದು ನಿಂತಿರಬೇಕು. ಉರಿಯದೆ ಇನ್ನೇನಾಗುತ್ತೆ? ನನಗಾದರೂ ಉರಿಯುತ್ತಿತ್ತು. ಅದರ ಮೇಲೆ ಮೀನಾಕ್ಷಮ್ಮನಿಗೆ ಮಕ್ಕಳಿಲ್ಲ.

ಒಂದು ದಿನ ನಮ್ಮ ಹೆಂಗಸರ ಸಂಘದ ಸಭೆಗೆ ಬಂದ ವಕೀಲೆಯೊಬ್ಬರು, ಹದಿನೆಂಟು ತುಂಬದ ಮಕ್ಕಳ ವಿವರಗಳನ್ನು ಆನ್‌ಲೈನ್ ಕಂಪನಿಗಳು ಬೇಕಾದಂತೆ ಬಳಸುವ ಹಾಗಿಲ್ಲ, ಅದಕ್ಕೊಂದು ಕಾನೂನಿದೆ ಎಂದರು. ಅಷ್ಟು ಕೇಳಿದ್ದೇ ತಡ, ಮೀನಾಕ್ಷಮ್ಮ ಉಳಿದದ್ದನ್ನು ಕೇಳಿಸಿಕೊಳ್ಳದೆ ಚಪ್ಪಲಿ ಮೆಟ್ಟಿ ವಾರಗಿತ್ತಿಯ ಬಾಗಿಲಿಗೆ ಹೋಗಿ ನಿಂತಳು. ಉಳಿದದ್ದು ದೀಪಶ್ರೀಗೆ ಗೊತ್ತಿತ್ತು.

"ಹೆತ್ತವ್ರು ಒಪ್ಪುದ್ರೆ ಸಾಕು ಅಂತ್ಲೂ ಐತೆ ಅದ್ರಲ್ಲಿ. ಹೆತ್ತೋಳು ನಾನು ಕಣಕ್ಕ."

ಆ ಮಾತು ಬೇಕಿರಲಿಲ್ಲ. ಮೀನಾಕ್ಷಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತವಳು ಊಟಕ್ಕೂ ಏಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಗಾನವಿ ದೊಡ್ಡವಳಾದಳು. ಸೋದರಮಾವ ಬಂದು ಹಸಿ ಸೊಪ್ಪಿನ ಗುಡಿಸಲು ಹಾಕಿದ. ಒಸಗೆಯ ಆರತಿ ನಮ್ಮಲ್ಲಿ ಹೆಂಗಸರದ್ದೇ ಕಾರ್ಯ. ಅಲ್ಲಿಗೂ ದೀಪಶ್ರೀ ಫೋನು ತಂದು ಹಸೆಮಣೆಗೆ ಎದುರಾಗಿ ನಿಲ್ಲಿಸಿದಳು. ವಾರಗಿತ್ತಿಯನ್ನು ಕರೆದು, ಅಕ್ಕ ನೀನು ಮಧ್ಯ ಕೂತ್ಕೊ, ನಿನ್ನ ಪದವೂ ಲೋಕಕ್ಕೆಲ್ಲ ಕೇಳಲಿ ಎಂದಳು.

ದೇವರಾಣೆ, ಮೀನಾಕ್ಷಮ್ಮನ ಮುಖ ಅರಳಿದ್ದನ್ನು ನಾನು ಕಂಡೆ. ಸೆರಗು ಸರಿಮಾಡಿಕೊಂಡಳು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಆಗ ಗಾನವಿ ಅವಳ ಕೈ ಹಿಡಿದು ಮೆಲ್ಲಗೆ ಅಂದಳು:

"ದೊಡ್ಡಮ್ಮ, ಇದ್ನೂ ಸ್ಕೂಲ್ ಹುಡುಗ್ರೆಲ್ಲ ನೋಡ್ತಾರೆ. ನನ್ನ ಯಾರೂ ಕೇಳ್ಲೇ ಇಲ್ಲ."

ಮೀನಾಕ್ಷಮ್ಮ ಫೋನಿನ ಕಡೆ ನೋಡಿದಳು. ಬಿಡಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಆಮೇಲೆ ಬಾಯಿ ಮುಚ್ಚಿ ಕೂತುಬಿಟ್ಟಳು. ದೀಪ ಹತ್ತಿಸಿಯಾಗಿದೆ, ಆರತಿ ನೀರು ಕದಡಿಯಾಗಿದೆ, ಪದವೇ ಇಲ್ಲ. ಅವಳು ಎತ್ತದೆ ನಾವ್ಯಾರೂ ಎತ್ತುವಂತಿಲ್ಲ.

"ಫೋನು ಒಳಗಿಟ್ಟು ಬಾ. ಆಮೇಲೆ ಪದ," ಎಂದಳು.

ದೀಪಶ್ರೀ ಸಿಡಿಸಿಡಿ ಅಂದಳು. ಆದರೆ ಸೋಬಾನೆ ಇಲ್ಲದೆ ಆರತಿ ಎತ್ತಿದರೆ ನಾಳೆ ಊರು ಸುಮ್ಮನಿರುತ್ತದೆಯೇ? ಫೋನು ಒಳಗೆ ಹೋಯಿತು. ಮೀನಾಕ್ಷಮ್ಮ ಅವತ್ತು ಹಾಡಿದ ಹಾಗೆ ಯಾವತ್ತೂ ಹಾಡಿಲ್ಲ. ಕೂತಿದ್ದ ಹೆಂಗಸರನ್ನು ಬಿಟ್ಟರೆ ಅದು ಯಾರಿಗೂ ಕೇಳಲಿಲ್ಲ. ಅದನ್ನು ನೆನೆದು ಅವಳು ಈಗಲೂ ಕೈ ಕೈ ಹಿಸುಕಿಕೊಳ್ಳುತ್ತಾಳೆ.

ಈಗ ಬೆಳಗ್ಗೆ ಸ್ಕೂಲಿಗೆ ಹೊರಡುವ ಮೊದಲು ಗಾನವಿ ಬಾಚಣಿಗೆ ಹಿಡಿದು ದೊಡ್ಡಮ್ಮನ ಜಗಲಿಗೆ ಬರುತ್ತಾಳೆ. ಎದುರು ಬಾಗಿಲಲ್ಲಿ ದೀಪಶ್ರೀ ನಿಂತು ನೋಡುತ್ತಾಳೆ. ಅವಳು ನೋಡುತ್ತಿದ್ದಾಳೆಂದು ಗೊತ್ತಾದರೆ ಮೀನಾಕ್ಷಮ್ಮ ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿಂದ ಹೆಣೆಯುತ್ತಾಳೆ.